ಡಿ ಅಂಡ್ ಡಿಯೋ, ಕಥುಲ್ಹುವೋ, ಒಂದೇ ಪುಟದ ಆಟವೋ: ಹೊಸಬರಿಗೆ ಯಾವುದು ಎಷ್ಟು ಕಷ್ಟ?

ಮೈಸೂರಿನಲ್ಲಿ ನಾಲ್ವರು ಸೇರಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡೋಣ ಎಂದು ನಿರ್ಧರಿಸಿದರೆ ಮರುದಿನವೇ ತಕರಾರು ಶುರುವಾಗುತ್ತದೆ. ಒಬ್ಬನಿಗೆ ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸೇ ಬೇಕು, ಏಕೆಂದರೆ ಅವನು ಕೇಳಿರುವ ಹೆಸರು ಅದೊಂದೇ. ಇನ್ನೊಬ್ಬಳು ಎಲ್ಲೋ ಓದಿಕೊಂಡು ಬಂದು ಪಾತ್‌ಫೈಂಡರ್ ಮೇಲು ಎನ್ನುತ್ತಾಳೆ. ಮೂರನೆಯವನು ಮುನ್ನೂರು ಪುಟದ ನಿಯಮ ಎಂದ ಕೂಡಲೇ ಕೈ ಮುಗಿಯುತ್ತಾನೆ. ಮಂಡ್ಯದಿಂದ ಬರಬೇಕಾದವನಿಗೆ ಕತ್ತಲಾಗುವುದರೊಳಗೆ ಆಟ ಮುಗಿದು ಊರು ಸೇರಿದರೆ ಸಾಕು. ಇವರಲ್ಲಿ ಯಾರ ಮಾತೂ ತಪ್ಪಲ್ಲ. ಎಲ್ಲರೂ ‘ಕಷ್ಟ’ ಎನ್ನುವಾಗ ಬೇರೆ ಬೇರೆ ಕಷ್ಟಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಅಷ್ಟೆ.

ಆಟದ ಪರಿಚಯವೇ ಇಲ್ಲದವರಿಗೆ ಎರಡು ಮಾತು. ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ ಆಗಿ ಲೋಕವನ್ನೂ ಅದರಲ್ಲಿರುವ ಉಳಿದ ಜನರನ್ನೂ ನಡೆಸುತ್ತಾರೆ. ಮಿಕ್ಕವರು ತಲಾ ಒಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಲು ಹೊರಟದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಆ ತೀರ್ಮಾನ ಹೇಗೆ ಎಂಬುದನ್ನು ಹೇಳುವುದೇ ನಿಯಮವ್ಯವಸ್ಥೆ.

ಅಳೆಯುವುದು ಹೇಗೆ?

ಮೊದಲನೆಯದಾಗಿ, ಮೊದಲ ಗರ ಹಾಕುವ ಮುನ್ನ ಆಟಗಾರನಿಗೆ ಎಷ್ಟು ತಿಳಿದಿರಬೇಕು ಎಂದು ನೋಡುತ್ತೇನೆ. ಎರಡನೆಯದು ಜಿಎಂ ಹೊರಬೇಕಾದ ಭಾರ. ಆಟದ ನಡುವೆ ಎಷ್ಟು ಸಲ ಪುಸ್ತಕ ತೆರೆಯಬೇಕಾಗುತ್ತದೆ ಎಂಬುದು ಮೂರನೆಯದು. ನಾಲ್ಕನೆಯದು ನಮ್ಮದೇ ಸಮಸ್ಯೆ: ನಾನು ಇಲ್ಲಿ ಹೇಳುವ ಪುಸ್ತಕಗಳೆಲ್ಲ ಇಂಗ್ಲಿಷಿನವು, ಮೇಜಿನ ಸುತ್ತ ನಡೆಯುವ ಮಾತು ಕನ್ನಡದ್ದು. ಪಾತ್ರದ ಹಾಳೆಯಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದಗಳು ಹೆಚ್ಚಿದಷ್ಟೂ ಮಾತು ತಡವರಿಸುತ್ತದೆ. ಕೊನೆಯದು ಹಣ, ಅದು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ.

ಪುಸ್ತಕದ ದಪ್ಪವನ್ನು ಬೇಕೆಂದೇ ಬಿಟ್ಟಿದ್ದೇನೆ. ದಪ್ಪ ಪುಸ್ತಕದ ಬಹುಭಾಗ ಮಂತ್ರಗಳ, ಆಯುಧಗಳ, ರಾಕ್ಷಸರ ಪಟ್ಟಿ. ಅದನ್ನು ಯಾರೂ ಉದ್ದಕ್ಕೆ ಓದುವುದಿಲ್ಲ. ಇನ್ನು ತೆಳ್ಳಗಿನ ಪುಸ್ತಕ ಸುಲಭ ಎಂಬುದೂ ಅರ್ಧ ಸತ್ಯವೇ. ನಿಯಮ ಕಡಿಮೆಯಾದಾಗ ಹೊರೆ ಮಾಯವಾಗುವುದಿಲ್ಲ, ಆಟಗಾರರ ಮಡಿಲಿನಿಂದ ಜಿಎಂ ತಲೆಗೆ ವರ್ಗವಾಗುತ್ತದೆ. ಆದ್ದರಿಂದ ನಿಮ್ಮ ಗುಂಪಿನಲ್ಲಿ ಯಾರು ಓದುತ್ತಾರೆ, ಯಾರು ನಡೆಸುತ್ತಾರೆ ಎಂಬುದು ಮೊದಲು ಇತ್ಯರ್ಥವಾಗಲಿ. ಚೌಕಾಬಾರವನ್ನು ನಾವ್ಯಾರೂ ನಿಯಮ ಓದಿ ಕಲಿತವರಲ್ಲ, ಆಡುವವರ ಪಕ್ಕ ಕುಳಿತು ಕಲಿತವರು. ಇಲ್ಲೂ ಹಾಗೆಯೇ, ಗುಂಪಿನಲ್ಲಿ ಒಬ್ಬರು ಸರಿಯಾಗಿ ಓದಿದ್ದರೆ ಉಳಿದವರ ಕಲಿಕೆ ಮುಕ್ಕಾಲು ಪಾಲು ಆಟದಲ್ಲೇ ಆಗುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಆಟ ಇದು. ಈಗ ಹೆಚ್ಚಾಗಿ ಆಡುವುದು 2014ರ ಐದನೆಯ ಆವೃತ್ತಿಯನ್ನು ಅಥವಾ 2024ರಲ್ಲಿ ಬಂದ ಅದರ ಪರಿಷ್ಕೃತ ರೂಪವನ್ನು. ತಳಹದಿಯ ನಿಯಮ ಒಂದೇ: ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಗರಕ್ಕೆ ನಿಮ್ಮ ಸಾಮರ್ಥ್ಯದ ಅಂಕ ಕೂಡಿಸಿ, ಮೊತ್ತ ಗುರಿಯ ಸಂಖ್ಯೆಯನ್ನು ಮುಟ್ಟಿದರೆ ಗೆದ್ದಿರಿ. ಸನ್ನಿವೇಶ ಅನುಕೂಲಕರವಾಗಿದ್ದರೆ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಿ, ಪ್ರತಿಕೂಲವಾಗಿದ್ದರೆ ಚಿಕ್ಕದನ್ನು. ಇಷ್ಟನ್ನು ಹೈಸ್ಕೂಲಿನ ಹುಡುಗರು ಹತ್ತು ನಿಮಿಷದಲ್ಲಿ ಗ್ರಹಿಸುತ್ತಾರೆ.

ತೊಡಕು ಇರುವುದು ಪಾತ್ರದ ಆಯ್ಕೆಯಲ್ಲಿ. 2014ರ ನಿಯಮದಲ್ಲಿ ಫೈಟರ್, ಅಂದರೆ ಯೋಧನಾಗಿ ಮೊದಲ ಹಂತದಲ್ಲಿ ಆರಂಭಿಸಿದವನಿಗೆ ಹೊಸದಾಗಿ ನೆನಪಿಡಬೇಕಾದ ವಿಶೇಷ ಶಕ್ತಿಗಳು ಎರಡೇ: ತನ್ನ ಕಾದಾಟದ ಶೈಲಿ, ಮತ್ತು ದಣಿದಾಗ ಒಮ್ಮೆ ಚೇತರಿಸಿಕೊಳ್ಳುವ ಅವಕಾಶ. ಅದೇ ಮೇಜಿನಲ್ಲಿ ವಿಝಾರ್ಡ್, ಅಂದರೆ ಮಂತ್ರವಾದಿ ಆದವಳು ಮೂರು ಕಿರುಮಂತ್ರಗಳನ್ನೂ ತನ್ನ ಮಂತ್ರಪುಸ್ತಕಕ್ಕೆ ಆರು ಮಂತ್ರಗಳನ್ನೂ ಆರಿಸಬೇಕು, ಅವುಗಳಲ್ಲಿ ಇಂದಿಗೆ ಯಾವುವು ಸಿದ್ಧ ಎಂದು ಗೊತ್ತುಮಾಡಬೇಕು, ಕಿರುಮಂತ್ರ ಬಿಟ್ಟರೆ ದಿನಕ್ಕೆ ಎರಡು ಮೂರು ಸಲವಷ್ಟೇ ಪ್ರಯೋಗಿಸಬಹುದು ಎಂಬ ಲೆಕ್ಕ ಇಡಬೇಕು. ಒಂದೊಂದು ಮಂತ್ರಕ್ಕೂ ಅದರದೇ ದೂರ, ಅವಧಿ, ಷರತ್ತು. ‘ಡಿ ಅಂಡ್ ಡಿ ಕಷ್ಟವೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿರುವುದು ಈ ಕಾರಣಕ್ಕೆ. ಹೊಸಬರ ಗುಂಪಿನಲ್ಲಿ ಓದುವ ಚಟವಿರುವವರಿಗೆ ಮಾತ್ರ ಮಂತ್ರವಾದಿಯ ಪಾತ್ರ ಕೊಡಿ.

ಇನ್ನೊಂದು ಮುಗ್ಗರಿಸುವ ಜಾಗ ಕಾದಾಟದ ಸರದಿ. ಒಂದು ಸರದಿಯಲ್ಲಿ ನಡೆಯಬಹುದು, ಒಂದು ಆಕ್ಷನ್ ಮಾಡಬಹುದು, ಕೆಲವೊಮ್ಮೆ ಬೋನಸ್ ಆಕ್ಷನ್ ಮಾಡಬಹುದು. ಬೇರೆಯವರ ಸರದಿಯಲ್ಲಿ ಒಂದು ರಿಯಾಕ್ಷನ್ ಇರುತ್ತದೆ. ಈ ಬೋನಸ್ ಎಲ್ಲರಿಗೂ ಪುಕ್ಕಟೆ ಸಿಗುವಂಥದ್ದು ಎಂದು ಹೊಸಬರು ನಂಬಿಬಿಡುತ್ತಾರೆ. ಯಾವುದಾದರೂ ಶಕ್ತಿ ಅಥವಾ ಮಂತ್ರ ಸ್ಪಷ್ಟವಾಗಿ ಕೊಟ್ಟರೆ ಮಾತ್ರ ಅದು ಉಂಟು. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ವಾದ ತಪ್ಪುತ್ತದೆ.

ಜಿಎಂಗೆ ಕೆಲಸ ಹೆಚ್ಚು, ಆದರೆ ಸಿದ್ಧ ಸಾಹಸಕತೆಗಳು ಮತ್ತು ವಿಡಿಯೊಗಳು ಈ ಆಟಕ್ಕಿದ್ದಷ್ಟು ಬೇರೆ ಯಾವುದಕ್ಕೂ ಇಲ್ಲ. ಕನ್ನಡದ ಮೇಜಿಗೆ ಇದು ಅಷ್ಟು ಸಲೀಸಲ್ಲ: ಕತೆ ಕನ್ನಡದಲ್ಲಿ ಹರಿಯುತ್ತಿರುವಾಗ ಪ್ರತಿ ಐದು ನಿಮಿಷಕ್ಕೆ ಸೇವಿಂಗ್ ಥ್ರೋ, ಕಾನ್ಸಂಟ್ರೇಶನ್ ಎಂಬ ಕಲ್ಲುಗಳು ಸಿಗುತ್ತವೆ. ಹಣದ ವಿಷಯಕ್ಕೆ ಬಂದರೆ, 2024ರ ಪರಿಷ್ಕರಣೆಯ ಮೂರು ಮುಖ್ಯ ಪುಸ್ತಕಗಳಿಗೂ ಮುದ್ರಿತ ಬೆಲೆ ತಲಾ 49.99 ಡಾಲರ್. ಕೊಳ್ಳಲೇಬೇಕಾಗಿಲ್ಲ. ಆಟದ ತಿರುಳಾದ ನಿಯಮದಸ್ತಾವೇಜು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿದೆ. ಬೇಕಾದ ಪುಟಗಳನ್ನಷ್ಟೇ ಮುದ್ರಿಸಿಕೊಂಡು ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದರೆ ಒಂದು ಗುಂಪಿಗೆ ಸಾಕು.

ಪಾತ್‌ಫೈಂಡರ್‌ನ ಎರಡನೆಯ ಆವೃತ್ತಿ

2019ರಲ್ಲಿ ಪೈಜೋ ಸಂಸ್ಥೆ ತಂದ ಇದರ ಮೂಲಪುಸ್ತಕ 640 ಪುಟದ್ದಾಗಿತ್ತು. ನೋಡಿಯೇ ಹೆದರುವವರಿದ್ದಾರೆ. ವಿಚಿತ್ರವೆಂದರೆ ಇದರ ಸರದಿಯ ನಿಯಮ ಡಿ ಅಂಡ್ ಡಿಗಿಂತ ಸರಳ: ಪ್ರತಿಯೊಬ್ಬರಿಗೂ ಸರದಿಗೆ ಮೂರು ಆಕ್ಷನ್, ನಡೆಯುವುದೂ ಒಂದು, ಹೊಡೆಯುವುದೂ ಒಂದು. ಬೋನಸ್ಸಿನ ಗೊಂದಲವಿಲ್ಲ. ಕಷ್ಟ ಶುರುವಾಗುವುದು ಅದರಾಚೆ. ಎರಡನೆಯ ಹೊಡೆತಕ್ಕೆ ಸಾಮಾನ್ಯವಾಗಿ ಐದು, ಮೂರನೆಯದಕ್ಕೆ ಹತ್ತು ಅಂಕ ಕಳೆಯಬೇಕು. ಗುರಿಗಿಂತ ಹತ್ತು ಹೆಚ್ಚು ಬಂದರೆ ಮಹಾ ಗೆಲುವು, ಹತ್ತು ಕಡಿಮೆ ಬಂದರೆ ಮಹಾ ಸೋಲು. ಭಯ, ತೂರಾಟ, ನಿತ್ರಾಣದಂಥ ಸ್ಥಿತಿಗಳು ಹತ್ತಾರು, ಹಲವಕ್ಕೆ ಸಂಖ್ಯೆ ಬೇರೆ. ಪಾತ್ರ ಒಂದೊಂದು ಹಂತ ಏರಿದಾಗಲೂ ಹೊಸ ಆಯ್ಕೆ.

ಆದರೂ ಜಿಎಂಗೆ ಇದು ಡಿ ಅಂಡ್ ಡಿಗಿಂತ ದಯಾಳು. ಎದುರಾಳಿಗಳ ಬಲವನ್ನು ಲೆಕ್ಕ ಹಾಕುವ ವಿಧಾನ ನಂಬುವಂತಿದೆ, ‘ಇದಕ್ಕೆ ನಿಯಮವೇನು?’ ಎಂದರೆ ಉತ್ತರ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಎಲ್ಲ ನಿಯಮಗಳೂ ಆರ್ಕೈವ್ಸ್ ಆಫ್ ನೆಥಿಸ್ ಎಂಬ ಅಧಿಕೃತ ತಾಣದಲ್ಲಿ ಉಚಿತ. ಪಾತ್ರವನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚುವುದರಲ್ಲೇ ಸುಖ ಕಾಣುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಹೇಳಿಸಿದ ಆಟ, ಆದರೆ ಅವರ ಎರಡನೆಯ ಆಟವಾಗಿ. ಐದು ಜನರಲ್ಲಿ ಒಬ್ಬನೇ ಓದುವವನಾದರೆ ಬೇಡವೇ ಬೇಡ.

ಕಾಲ್ ಆಫ್ ಕಥುಲ್ಹು

ನನ್ನನ್ನು ಕೇಳಿದರೆ ನಮ್ಮ ಕಡೆಯ ವಯಸ್ಕ ಹೊಸಬರಿಗೆ ಮೊದಲ ಸಂಜೆಗೆ ಇದಕ್ಕಿಂತ ಹದವಾದದ್ದಿಲ್ಲ. ಸ್ಯಾಂಡಿ ಪೀಟರ್ಸನ್ ರೂಪಿಸಿ 1981ರಲ್ಲಿ ಕೇಯಾಸಿಯಂ ಪ್ರಕಟಿಸಿದ ಭಯದ ಆಟ. ಪಾತ್ರಗಳು ವೀರರಲ್ಲ, ಪತ್ರಕರ್ತ, ವೈದ್ಯೆ, ಗ್ರಂಥಪಾಲಕರಂಥ ಸಾಧಾರಣ ಜನ. ಪ್ರತಿ ಕೌಶಲಕ್ಕೂ ಶೇಕಡಾವಾರು ಅಂಕ. ಗ್ರಂಥಾಲಯದಲ್ಲಿ ಹುಡುಕುವ ಕೌಶಲ 60 ಇದ್ದರೆ ಎರಡು ಹತ್ತು ಮುಖದ ದಾಳಗಳಿಂದ ನೂರರೊಳಗಿನ ಸಂಖ್ಯೆ ತೆಗೆಯಿರಿ. 60 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಿಕ್ಕಿತು. ಕೆಲಸ ಕಠಿಣವಾದರೆ ಅದರ ಅರ್ಧ, 30ರೊಳಗೆ ಬರಬೇಕು. ತೀರಾ ಕಠಿಣವಾದರೆ ಐದರಲ್ಲೊಂದು ಪಾಲು, 12ರೊಳಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿದ ಯಾರಿಗೂ ಶೇಕಡಾ ಎಂದರೇನೆಂದು ವಿವರಿಸಬೇಕಾಗಿಲ್ಲ. ತನಗೆಷ್ಟು ಅವಕಾಶವಿದೆ ಎಂಬುದು ಹಾಳೆಯ ಮೇಲೆಯೇ ಬರೆದಿರುತ್ತದೆ.

ಪಾತ್ರ ಸೃಷ್ಟಿ ಮಾತ್ರ ಲೆಕ್ಕದ ಕೆಲಸ. ಅಂಕಗಳನ್ನು ಗುಣಿಸಿ, ಹತ್ತಾರು ಕೌಶಲಗಳಿಗೆ ಹಂಚಬೇಕು. ಮೊದಲ ಸಲ ಸಿದ್ಧ ಪಾತ್ರಗಳನ್ನೇ ಕೈಗಿಡಿ. ಬೆನ್ನಟ್ಟುವ ದೃಶ್ಯಗಳ ನಿಯಮವನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಸಂಕ್ಷಿಪ್ತ ನಿಯಮಪುಸ್ತಿಕೆ ಉಚಿತ, ಅದರಲ್ಲೇ ಒಂದು ಸಂಜೆಗಾಗುವ ಹಾಳುಮನೆಯ ಕತೆಯೂ ಇದೆ.

ಆಟದ ರೂಢಿಯ ಕಾಲ 1920ರ ದಶಕದ ಅಮೆರಿಕ. ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬ ಕಟ್ಟಳೆಯಿಲ್ಲ, ಮತ್ತು ಆ ದಶಕದ ಮೈಸೂರು ಸೀಮೆ ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ನಡೆಯುತ್ತಿದೆ. ಹಳೆಯ ಕನ್ನಂಬಾಡಿ ಊರೂ ವೇಣುಗೋಪಾಲಸ್ವಾಮಿ ದೇವಸ್ಥಾನವೂ ನೀರಿನ ಪಾಲಾಗಲಿವೆ. ಮೈಸೂರು ಪಟ್ಟಣದಲ್ಲಿ 1891ರಿಂದ ಇರುವ ಓರಿಯೆಂಟಲ್ ಲೈಬ್ರರಿ. ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಕಂಡುಕೊಂಡದ್ದು ಅಲ್ಲಿಯೇ. ಅಂಥ ಕಪಾಟಿನಲ್ಲಿ ಓದಬಾರದ ಇನ್ನೊಂದು ಕಟ್ಟು ಇದ್ದರೆ? ಮುಳುಗಲಿರುವ ಊರಿನಲ್ಲಿ ಮುಚ್ಚಿಟ್ಟ ನೆಲಮಾಳಿಗೆಯೊಂದು ತೆರೆದರೆ? ಜಿಎಂಗೆ ಕತೆ ತಾನಾಗಿ ಕೂಡಿಕೊಳ್ಳುತ್ತದೆ, ಆಟಗಾರರಿಗೆ ಬೀದಿಗಳ ಪರಿಚಯ ಮೊದಲೇ ಇದೆ. ಕಲಿಕೆಯ ಕಷ್ಟದಲ್ಲಿ ಬಹುದೊಡ್ಡ ಪಾಲು ಅಪರಿಚಿತ ಲೋಕವನ್ನು ತಲೆಯಲ್ಲಿ ತುಂಬಿಕೊಳ್ಳುವುದು. ಅದು ಇಲ್ಲಿ ಸೊನ್ನೆಗೆ ಇಳಿಯುತ್ತದೆ.

ಜಿಎಂಗೆ ಇರುವ ಒಂದೇ ದೊಡ್ಡ ಅಪಾಯ ಸುಳಿವುಗಳದ್ದು. ಮುಖ್ಯ ಸುಳಿವೊಂದು ಒಂದೇ ಗರದ ಮೇಲೆ ನಿಂತಿದ್ದು, ಆ ಗರ ಬೀಳದಿದ್ದರೆ ಆಟ ಅಲ್ಲೇ ಕೂತುಬಿಡುತ್ತದೆ. ಅಂಥ ಸುಳಿವನ್ನು ಗರ ಕೇಳದೆ ಕೊಟ್ಟುಬಿಡಿ. ಗರವನ್ನು ಅದು ಎಷ್ಟು ಬೇಗ, ಯಾರ ಕಣ್ಣಿಗೂ ಬೀಳದೆ ಸಿಕ್ಕಿತು ಎಂಬುದಕ್ಕೆ ಬಳಸಿ. ಚಿಕ್ಕ ಮಕ್ಕಳಿರುವ ಮನೆಗೆ ಈ ಆಟ ತರಬೇಡಿ. ಪಾತ್ರಗಳು ಹುಚ್ಚಾಗುವುದೇ ಇದರ ಹೂರಣ.

ಎರಡು ದಾಳದ ಆಟಗಳು

2010ರಲ್ಲಿ ವಿನ್ಸೆಂಟ್ ಮತ್ತು ಮೆಗೀ ಬೇಕರ್ ದಂಪತಿಯ ಅಪೋಕ್ಯಾಲಿಪ್ಸ್ ವರ್ಲ್ಡ್ ತೆರೆದ ದಾರಿಯಲ್ಲಿ ಆಟಗಳ ಒಂದು ಬಳಗವೇ ಬೆಳೆದಿದೆ. 2012ರ ಡಂಜನ್ ವರ್ಲ್ಡ್ ಅವುಗಳಲ್ಲೊಂದು. ಲೂಡೊ ಡಬ್ಬಿಯಲ್ಲಿ ಸಿಗುವ ಆರು ಮುಖದ ದಾಳ ಎರಡಿದ್ದರೆ ಮುಖ್ಯ ನಿಯಮ ನಡೆಯುತ್ತದೆ. ಎರಡನ್ನೂ ಸಾಮರ್ಥ್ಯದ ಅಂಕದೊಂದಿಗೆ ಕೂಡಿಸಿದಾಗ 10 ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು. 7ರಿಂದ 9 ಬಂದರೆ ಗೆಲುವು ಉಂಟು, ಆದರೆ ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಕತೆಯನ್ನು ಜಿಎಂ ಕೆಡಿಸಬಹುದು. ಆಟಗಾರನಿಗೆ ಬೇಕಾದದ್ದೆಲ್ಲ ಅವನ ಮುಂದಿರುವ ಹಾಳೆಯಲ್ಲೇ ಇರುತ್ತದೆ.

ಈಗ ಲೆಕ್ಕ ನೋಡಿ. ಯಾವ ಅಂಕವೂ ಸೇರದಿದ್ದರೆ 7ರಿಂದ 9 ಬರುವ ಸಾಧ್ಯತೆ 36ರಲ್ಲಿ 15, ಒಂದು ಅಂಕ ಸೇರಿದರೆ 36ರಲ್ಲಿ 16. ಎಂದರೆ ಹತ್ತು ಗರಗಳಲ್ಲಿ ನಾಲ್ಕಕ್ಕೆ ಜಿಎಂ ಆ ಕ್ಷಣದಲ್ಲಿ ಒಂದು ‘ಬೆಲೆ’ಯನ್ನು ಹುಟ್ಟಿಸಬೇಕು: ಬಾಗಿಲು ತೆರೆಯಿತು, ಕೀಲಿ ಮುರಿಯಿತು, ಜಿಗಿದು ದಾಟಿದೆ, ಚೀಲ ನದಿಗೆ ಬಿತ್ತು. ಆಟಗಾರರಿಗೆ ಇಷ್ಟು ಹಗುರವಾದ ಆಟ ಜಿಎಂಗೆ ಹೀಗೆ ಬೆವರಿಳಿಸುತ್ತದೆ. ಇನ್ನೊಂದು ವಿಪರ್ಯಾಸ, ವರ್ಷಗಟ್ಟಲೆ ಡಿ ಅಂಡ್ ಡಿ ಆಡಿದವರಿಗೆ ಇದು ಹೊಸಬರಿಗಿಂತ ಕಷ್ಟ. ಅವರು ‘ಈಗ ಯಾರ ಸರದಿ?’ ಎಂದು ಕಾಯುತ್ತಾ ಕೂರುತ್ತಾರೆ. ಇಲ್ಲಿ ಸರದಿಯೇ ಇಲ್ಲ.

1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದ ಊರಿನಲ್ಲಿ ನಾಟಕದ ಹುಚ್ಚಿನವರಿಗೆ ಬರವಿಲ್ಲ. ಅಂಥವರು ಮೇಜಿನಲ್ಲಿದ್ದರೆ ಈ ಬಳಗದ ಆಟಗಳು ಮೊದಲ ದಿನವೇ ಹಿಡಿಯುತ್ತವೆ. ಒಂದೇ ಎಚ್ಚರಿಕೆ: ಇಬ್ಬರು ರಂಗಕರ್ಮಿಗಳು ಪಾತ್ರದೊಳಗೆ ಹೊಕ್ಕು ಸಂಭಾಷಣೆ ಹಚ್ಚಿಕೊಂಡರೆ ಉಳಿದವರು ಕಾಫಿ ಕುಡಿದು ಬಂದರೂ ಆ ದೃಶ್ಯ ಮುಗಿದಿರುವುದಿಲ್ಲ.

ಫೇಟ್, ಮತ್ತು ಕವಡೆಯ ಒಂದು ಲೆಕ್ಕ

ಕನ್ನಡದಲ್ಲೇ ಆಡಬೇಕು, ಹಾಳೆಯೂ ಕನ್ನಡದಲ್ಲೇ ಇರಬೇಕು ಎನ್ನುವವರಿಗೆ ಫೇಟ್, ಅದರಲ್ಲೂ ಫೇಟ್ ಆಕ್ಸಲರೇಟೆಡ್ ಎಂಬ ಪುಟ್ಟ ರೂಪ. ಇಲ್ಲಿ ಪಾತ್ರವನ್ನು ವರ್ಣಿಸುವುದು ಅಂಕಗಳಿಗಿಂತ ಹೆಚ್ಚಾಗಿ ನೀವೇ ಬರೆಯುವ ವಾಕ್ಯಗಳು: ‘ಕೊಟ್ಟ ಮಾತಿಗೆ ತಪ್ಪದ ಶ್ಯಾನುಭೋಗ’, ‘ಸಕ್ಕರೆ ಕಾರ್ಖಾನೆಯ ಹಳೆಯ ಗುಟ್ಟು ಬಲ್ಲವಳು’. ಆ ವಾಕ್ಯ ನಿಮ್ಮ ನೆರವಿಗೆ ಬಂದಾಗ ಅಂಕ ಸಿಗುತ್ತದೆ, ಅದೇ ನಿಮ್ಮನ್ನು ತೊಂದರೆಗೆ ಸಿಕ್ಕಿಸಿದಾಗ ಮುಂದೆ ಬಳಸಲು ಒಂದು ಫೇಟ್ ಪಾಯಿಂಟ್ ಕೈಸೇರುತ್ತದೆ. ಓದಲು ಸಣ್ಣದು, ಆದರೆ ಒಳ್ಳೆಯ ವಾಕ್ಯ ಬರೆಯುವುದು ಅಭ್ಯಾಸದಿಂದಲೇ ಬರಬೇಕು. ‘ತುಂಬಾ ಧೈರ್ಯಶಾಲಿ’ ಎಂದು ಬರೆದವನ ಪಾತ್ರ ಸಂಜೆಯಿಡೀ ಸಪ್ಪೆಯಾಗಿರುತ್ತದೆ.

ಇದರ ದಾಳಗಳು ವಿಶೇಷ: ನಾಲ್ಕು ದಾಳ, ಪ್ರತಿಯೊಂದರಲ್ಲೂ ಎರಡು ಕೂಡು, ಎರಡು ಕಳೆ, ಎರಡು ಖಾಲಿ. ಕೊಳ್ಳಬೇಕಿಲ್ಲ. ಮಾಮೂಲಿ ದಾಳದಲ್ಲಿ 1–2 ಕಳೆ, 3–4 ಖಾಲಿ, 5–6 ಕೂಡು ಎಂದಿಟ್ಟುಕೊಳ್ಳಬಹುದು. ನನಗೆ ಅದಕ್ಕಿಂತ ಹಿತವಾದ ದಾರಿ ಎಂಟು ಕವಡೆ: ಅಂಗಾತ ಬಿದ್ದವನ್ನು ಎಣಿಸಿ ನಾಲ್ಕು ಕಳೆಯಿರಿ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಸೊನ್ನೆ ಬರುವ ಸಾಧ್ಯತೆ ಶೇ 27, ಫೇಟ್ ದಾಳದಲ್ಲಿ ಅದು ಶೇ 23. ವ್ಯತ್ಯಾಸ ಆಟದಲ್ಲಿ ಗೊತ್ತೇ ಆಗುವುದಿಲ್ಲ. ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವನ್ನಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಬದಲಾವಣೆಗೆ ಆಕ್ಷೇಪಿಸುತ್ತಿರಲಿಲ್ಲ ಎಂದೇ ನನ್ನ ಊಹೆ.

ಪುಟ್ಟವು, ದೊಡ್ಡದೊಂದು

ಯೋಚಾಯ್ ಗಾಲ್ 2020ರಲ್ಲಿ ಬರೆದ ಕೇರ್ನ್ ಉಚಿತ. ಮೂರೇ ಸಾಮರ್ಥ್ಯ, ಹತ್ತು ಸಾಮಾನು ಇಡುವಷ್ಟು ಜಾಗ, ಪಾತ್ರ ಸೃಷ್ಟಿ ಬಹುತೇಕ ದಾಳದ ಕೈಯಲ್ಲಿ. ಹೊಡೆತ ತಾಗಿತೇ ಎಂದು ನೋಡುವ ಗರವೇ ಇಲ್ಲ, ತಾಗಿಯೇ ತಾಗುತ್ತದೆ. ಎಷ್ಟು ಪೆಟ್ಟು ಎಂಬುದಷ್ಟೇ ಪ್ರಶ್ನೆ. ಹಾಗಾಗಿ ಕಾದಾಟ ಬೇಗ ಮುಗಿಯುತ್ತದೆ, ಪಾತ್ರಗಳೂ ಬೇಗ ಸಾಯುತ್ತವೆ. ಬುದ್ಧಿ ಉಪಯೋಗಿಸಿ ಜಗಳ ತಪ್ಪಿಸುವವರಿಗೆ ಇದು ಸೊಗಸು. ತನ್ನ ಪಾತ್ರಕ್ಕೆ ವಂಶವೃಕ್ಷ ಬರೆದುಕೊಂಡು ಬರುವವರಿಗೆ ಎದೆ ಒಡೆಯುತ್ತದೆ.

ಜಾನ್ ಹಾರ್ಪರ್ 2013ರಲ್ಲಿ ಬರೆದ ಲೇಸರ್ಸ್ ಅಂಡ್ ಫೀಲಿಂಗ್ಸ್ ಒಂದೇ ಪುಟ. ಪಾತ್ರಕ್ಕೆ 2ರಿಂದ 5ರೊಳಗೆ ಒಂದೇ ಸಂಖ್ಯೆ. ಬುದ್ಧಿಯ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಭಾವನೆಯ ಕೆಲಸಕ್ಕೆ ಮೇಲೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬೇಸಿಗೆ ರಜೆಯ ಮಧ್ಯಾಹ್ನಕ್ಕೆ ಇದೇ ಸರಿ. ಮೂರನೆಯ ಮಧ್ಯಾಹ್ನಕ್ಕೆ ತೆಳುವೆನಿಸಿದರೆ ಆಶ್ಚರ್ಯಪಡಬೇಡಿ.

ದೊಡ್ಡದು ಗರ್ಪ್ಸ್: 1986ರ ಆಟ, ಈಗಿನ ನಾಲ್ಕನೆಯ ಆವೃತ್ತಿಯ ಮೂಲ ನಿಯಮಗಳೇ ಎರಡು ಸಂಪುಟ. ಮೂರು ದಾಳ ಹಾಕಿ ಕೌಶಲದ ಅಂಕಕ್ಕಿಂತ ಹೆಚ್ಚಾಗದಂತೆ ತರಬೇಕು, ಅದು ಸುಲಭವೇ. ಆದರೆ ಪಾತ್ರ ಕಟ್ಟಲು ಕುಳಿತವರು ಅದೇ ದಿನ ಆಡಲು ಏಳುವುದು ಅಪರೂಪ. ಕುತೂಹಲವಿದ್ದವರು 32 ಪುಟದ ಉಚಿತ ಸಂಕ್ಷಿಪ್ತ ರೂಪ ನೋಡಿ. ಹೊಸಬರಿಗೆ ನಾನಂತೂ ಹೇಳುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮೊದಲು ಜಿಎಂ ಯಾರೆಂದು ನೋಡಿ. ಓದುವ ತಾಳ್ಮೆಯಿದ್ದು, ಥಟ್ಟನೆ ಕತೆ ಹೊಳೆಯದ ಜಿಎಂ ಆದರೆ ಡಿ ಅಂಡ್ ಡಿ ಅಥವಾ ಕಥುಲ್ಹು. ನಿಯಮ ಮತ್ತು ಸಿದ್ಧ ಕತೆ ಅವರನ್ನು ಆತುಕೊಳ್ಳುತ್ತವೆ. ಕತೆ ಹೇಳುವ ನಾಲಿಗೆಯಿದ್ದು ಓದಲು ಸೋಮಾರಿಯಾದ ಜಿಎಂ ಆದರೆ ಡಂಜನ್ ವರ್ಲ್ಡ್ ಅಥವಾ ಕೇರ್ನ್. ಎರಡೂ ಇಲ್ಲದಿದ್ದರೆ ಒಂದು ಪುಟದ ಆಟದಿಂದ ಆರಂಭಿಸಿ.

ಆಮೇಲೆ ಸಮಯ. ಒಂದೇ ಸಂಜೆ, ಮತ್ತೆ ಯಾವಾಗ ಸೇರುತ್ತೇವೋ ಗೊತ್ತಿಲ್ಲ ಎಂಬ ಗುಂಪಿಗೆ ಕಥುಲ್ಹು. ಮಂಡ್ಯದ ಹಾಸ್ಟೆಲಿನಲ್ಲಿ ಒಂದೇ ಸೂರಿನಡಿ ಇರುವ, ಸೆಮಿಸ್ಟರ್ ಪೂರ್ತಿ ವಾರವಾರ ಕೂರಬಲ್ಲ ಹುಡುಗರು ಡಿ ಅಂಡ್ ಡಿಯ ಕಲಿಕೆಗೆ ಹಾಕಿದ ಶ್ರಮವನ್ನು ಬಡ್ಡಿಸಮೇತ ಹಿಂದೆ ಪಡೆಯುತ್ತಾರೆ. ಪಾತ್ರಗಳು ಐದಾರು ಹಂತ ಏರಿ, ಇನ್ನಷ್ಟು ಆಯ್ಕೆ ಬೇಕೆನಿಸಿದಾಗ ಪಾತ್‌ಫೈಂಡರ್ ಕಡೆ ನೋಡಲಿ. ಇಂಗ್ಲಿಷ್ ಹಾಳೆ ಕಂಡರೆ ಹಿಂಜರಿಯುವ ತಾಯಿಯೋ ಅಜ್ಜನೋ ಮೇಜಿಗೆ ಬರುವುದಾದರೆ ಬೇರೆ ಯೋಚನೆಯೇ ಬೇಡ, ಫೇಟ್.

ಖರ್ಚು ಬಹುತೇಕ ದಾಳಗಳದ್ದೇ. ಡಿ ಅಂಡ್ ಡಿ, ಪಾತ್‌ಫೈಂಡರ್, ಕೇರ್ನ್‌ಗಳಿಗೆ ನಾಲ್ಕರಿಂದ ಇಪ್ಪತ್ತು ಮುಖದವರೆಗಿನ ಏಳು ದಾಳಗಳ ಕಟ್ಟು ಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ ಮೊದಲಿಗೆ ಗುಂಪಿಗೆ ಎರಡು ಕಟ್ಟು ಸಾಕು, ಅಷ್ಟರವರೆಗೆ ಮೊಬೈಲಿನ ದಾಳದ ಆ್ಯಪ್ ನಡೆಯುತ್ತದೆ.

ಆಡುವ ಮನಸ್ಸಿದೆ, ಜೊತೆಗಾರರೇ ಇಲ್ಲ ಎನ್ನುವವರೂ ಇದ್ದಾರೆ. ಅವರಿಗೆ ಶಾನ್ ಟಾಮ್ಕಿನ್ ಅವರ ಐರನ್‌ಸ್ವೋರ್ನ್ ಇದೆ, 2018ರದ್ದು, ಡಿಜಿಟಲ್ ಪ್ರತಿ ಉಚಿತ. ಒಂದು ಆರು ಮುಖದ ದಾಳಕ್ಕೆ ಸಾಮರ್ಥ್ಯದ ಅಂಕ ಸೇರಿಸಿ, ಎರಡು ಹತ್ತು ಮುಖದ ದಾಳಗಳ ಎದುರು ಹೋಲಿಸುವುದು. ಎರಡನ್ನೂ ಮೀರಿದರೆ ಪೂರ್ಣ ಗೆಲುವು, ಒಂದನ್ನು ಮೀರಿದರೆ ಅರೆಗೆಲುವು. ಮುಂದೇನು ಎಂದು ತಿಳಿಯದಾಗ ಪುಸ್ತಕದಲ್ಲಿರುವ ಕೋಷ್ಟಕಗಳನ್ನು ಕೇಳಬಹುದು, ಜಿಎಂ ಬೇಕಿಲ್ಲ. ಇದು ಒಬ್ಬರ ಆಟಕ್ಕೂ, ಜಿಎಂ ಇಲ್ಲದೆ ಇಬ್ಬರು ಮೂವರು ಕೂಡಿ ಆಡುವುದಕ್ಕೂ ಒಗ್ಗುವಂತೆ ಬರೆದದ್ದು. ಆದ್ದರಿಂದ ಇಂದು ಒಬ್ಬರೇ ಆರಂಭಿಸಿ, ನಾಳೆ ಯಾರಾದರೂ ಸಿಕ್ಕರೆ ಅದೇ ಪಾತ್ರವನ್ನು ಅದೇ ನಿಯಮದಲ್ಲಿ ಮುಂದುವರಿಸಬಹುದು.